ಅನಸೂಯಮ್ಮನ ಕುರ್ಚಿ ಮಗ್ಗ

ಕೊರೊನಾ ಹಾವಳಿ ತಗ್ಗಿ ಕಚೇರಿಗಳು ಮೊದಲಿನಂತೆ ನಡೆಯತೊಡಗಿದ್ದ ಕಾಲ. ನನ್ನ ನಿವೃತ್ತಿಗೆ ಎರಡು ವರ್ಷ ಎರಡು ತಿಂಗಳು ಉಳಿದಿದ್ದವು. ಚಳ್ಳಕೆರೆಯ ಒಂದು ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ನಾನು ಯಂತ್ರ ವಿನ್ಯಾಸ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದ ಮಾತ್ರಕ್ಕೆ ಕೈಕೆಳಗೆ ದೊಡ್ಡ ಪಡೆ ಇತ್ತೆಂದು ತಿಳಿಯಬೇಡಿ. ಒಂದು ಲೇಥ್, ಒಂದು ವೆಲ್ಡಿಂಗ್ ಸೆಟ್ ಮತ್ತು ಫಿಟ್ಟರ್ ಬಷೀರ್ ಸಾಬ್, ಇಷ್ಟೇ ನನ್ನ ವಿಭಾಗ. ಬಷೀರ್ ಸಾಬ್ ನನಗಿಂತ ಒಂದು ವರ್ಷ ದೊಡ್ಡವರು, ನನಗಿಂತ ಹತ್ತು ಪಟ್ಟು ತಾಳ್ಮೆಯವರು.

ಮೂವತ್ತೊಂದು ವರ್ಷಗಳಲ್ಲಿ ನಾವಿಬ್ಬರೂ ಸೇರಿ ಶೇಂಗಾ ಸಿಪ್ಪೆ ಬಿಡಿಸುವ ಯಂತ್ರ ಮಾಡಿದ್ದೇವೆ, ಕುರಿ ಉಣ್ಣೆ ಹಿಂಜುವ ಯಂತ್ರ ಮಾಡಿದ್ದೇವೆ, ಹುಣಸೆಬೀಜ ಹುರಿಯುವ ಡ್ರಮ್ ಮಾಡಿದ್ದೇವೆ. ಕೆಲವು ಇಂದಿಗೂ ಓಡುತ್ತಿವೆ. ಇನ್ನು ಕೆಲವು ಹಳ್ಳಿಗಳಲ್ಲಿ ಕೋಳಿ ಮಲಗುವ ಜಾಗಗಳಾಗಿವೆ. ಯಾರಾದರೂ ಕಾಲೇಜಿನವರು ಭಾಷಣಕ್ಕೆ ಕರೆದಾಗ ಓಡುತ್ತಿರುವ ಯಂತ್ರಗಳ ಬಗ್ಗೆಯೇ ಹೇಳಿ ಬರುತ್ತಿದ್ದೆ. ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ ಕೆಲಸ ಮಾತ್ರ ಬೇರೆ. ಅದು ಮೊಳಕಾಲ್ಮುರಿನ ಒಂದು ರೇಷ್ಮೆ ಸೀರೆ ಮಗ್ಗ. ಆ ಕೆಲಸದಲ್ಲಿ ನಾನು ಒಬ್ಬ ಹೆಂಗಸಿನ ಜೀವನದ ಕಸುಬನ್ನು ಕೈಯಾರೆ ಮುಗಿಸಿಬಿಡುವುದರಲ್ಲಿದ್ದೆ.

ಆ ಹೆಂಗಸಿನ ಹೆಸರು ಅನಸೂಯಮ್ಮ. ಆಗ ಐವತ್ತಾರು ವರ್ಷ. ಮನೆಮಾತು ತೆಲುಗು, ಹೊರಗಿನವರೊಡನೆ ಕನ್ನಡ. ಹದಿನೈದನೆಯ ವಯಸ್ಸಿಗೆ ಮಗ್ಗಕ್ಕೆ ಕೂತವರು. ಗಂಡ ನಾಗಭೂಷಣಪ್ಪ ಹಾಸು ಹಾಕುವುದು, ಅಂದರೆ ಸೀರೆಯ ಉದ್ದದ ಎಳೆಗಳನ್ನು ಅಣಿ ಮಾಡುವುದು ಮತ್ತು ಲಾಳಿಯೊಳಗೆ ಕೂರುವ ಅಡ್ಡ ನೂಲಿನ ಸುರುಳಿಯನ್ನು, ಅಂದರೆ ಕಂಡಿಕೆಯನ್ನು, ಸುತ್ತುವುದು ಇಂಥ ಕೆಲಸ ನೋಡಿಕೊಳ್ಳುತ್ತಿದ್ದರು. ಮುಂದಿನ ಕೋಣೆಯಲ್ಲಿ ಅನಸೂಯಮ್ಮನ ಮಗ್ಗ, ಒಳಕೋಣೆಯಲ್ಲಿ ವಾರಗಿತ್ತಿ ಪದ್ಮಾವತಿಯ ಮಗ್ಗ. ಎರಡೂ ಗುಂಡಿ ಮಗ್ಗಗಳು. ನೋಡದವರಿಗಾಗಿ ಹೇಳುತ್ತೇನೆ: ನೆಲದಲ್ಲಿ ಸೊಂಟದಾಳದ ಗುಂಡಿ ತೋಡಿರುತ್ತಾರೆ. ನೇಯುವವರು ಅದರ ಅಂಚಿನಲ್ಲಿ ಕೂತು ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟು ತುಳಿಮಣೆಗಳನ್ನು ತುಳಿಯುತ್ತಾರೆ. ಹಾಸಿನ ಎಳೆಗಳು ನೆಲದಿಂದ ಒಂದು ಗೇಣು ಮೇಲೆ ಬಿಗಿಯಾಗಿ ಹರಡಿರುತ್ತವೆ.

ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಅನಸೂಯಮ್ಮನ ಬಲ ಮಂಡಿ ಪುಡಿಯಾಗಿತ್ತು. ಆಪರೇಷನ್ ಆಯಿತು, ಒಳಗೆ ಲೋಹದ ಕೀಲು ಕೂತಿತು. ನಡೆದಾಡಲು ತೊಂದರೆಯಿಲ್ಲ, ಆದರೆ ಗುಂಡಿಗೆ ಇಳಿಯಬಾರದು, ತುಳಿಮಣೆ ತುಳಿಯಬಾರದು ಎಂದು ವೈದ್ಯರು ಕಡಾಖಂಡಿತವಾಗಿ ಹೇಳಿದರು. ನೇಕಾರರ ಸಭೆಯೊಂದಕ್ಕೆ ನಾನು ಹೋಗಿದ್ದಾಗ ಆಕೆ ಕೋಲು ಊರಿಕೊಂಡು ಬಂದು ನನ್ನ ಮುಂದೆ ನಿಂತರು.

"ಮೇಡಂ, ಶೇಂಗಾಕ್ಕೆ ಮಿಷನ್ ಮಾಡೀರಂತೆ. ನಾನ್ ಕುರ್ಚಿ ಮ್ಯಾಲೆ ಕುಂತು ನೇಯಂಗೆ ಒಂದ್ ಮಗ್ಗ ಮಾಡ್ಕೊಡ್ರಿ. ಕೈ ಎರಡೂ ನೆಟ್ಟಗೈತೆ. ಕಾಲಿಗೆ ಅಂತ ಕೈನ ಯಾಕ್ ಸಾಯ್ಸಾಣ?"

ಆ ಪ್ರಶ್ನೆ ಕೇಳುತ್ತಿದ್ದಂತೆಯೇ ನನಗೆ ಒಂದು ನಕ್ಷೆ ಹೊಳೆಯಿತು. ಆಕೆಯ ಕೈಕೆಲಸವನ್ನು ಅಂದೇ ನೋಡಿದೆ. ಹಳೆಯ ಸೀರೆಯೊಂದರ ಮೇಲಿನ ಮಾವಿನ ಬುಟ್ಟಾಗಳ ಬೆನ್ನನ್ನು ಭೂತಗನ್ನಡಿ ಹಿಡಿದು ನೋಡಿದರೂ ಒಂದು ಸಡಿಲ ಎಳೆ ಸಿಗಲಿಲ್ಲ. ಹೊಗಳಿಕೆಯಲ್ಲಿ ಜುಗ್ಗಿ ನಾನು, ಯಾರನ್ನೂ ಬೇಗ ಹೊಗಳುವವಳಲ್ಲ. ಆ ದಿನ ಬಾಯಿ ತೆರೆದು ಹೊಗಳಿದೆ.

ಐದು ತಿಂಗಳು ಕೆಲಸ ಮಾಡಿದೆವು. ಕಬ್ಬಿಣದ ಚೌಕಟ್ಟು, ಕುರ್ಚಿಯ ಎತ್ತರಕ್ಕೆ ಹಾಸು. ತುಳಿಮಣೆಗಳ ಬದಲು ಎಳೆಗಳನ್ನು ಮೇಲೆ ಕೆಳಗೆ ಮಾಡಲು ಒಂದು ಸಣ್ಣ ಮೋಟಾರು. ಎಡಗಾಲಿನ ಹೆಬ್ಬೆರಳಿಂದ ಒತ್ತಿದರೆ ಸಾಕು ಎನ್ನುವಂಥ ಸ್ವಿಚ್. ಲಾಳಿ ಎಸೆಯುವುದು, ಅಡ್ಡ ಎಳೆಯನ್ನು ಒತ್ತರಿಸುವ ಬಾಚಣಿಗೆಯಂಥ ಹಣಿಗೆ ಬಡಿಯುವುದು, ಬುಟ್ಟಾ ಎತ್ತುವುದು ಎಲ್ಲ ಆಕೆಯ ಕೈಯಲ್ಲೇ. ಸಂಕ್ರಾಂತಿ ಕಳೆದ ವಾರ ಜೀಪಿನ ಮೇಲೆ ಹೇರಿಕೊಂಡು ತಳಕು, ಹಾನಗಲ್ ದಾಟಿ ಮೊಳಕಾಲ್ಮುರಿಗೆ ಹೊತ್ತೊಯ್ದು ಆಕೆಯ ಮುಂದಿನ ಕೋಣೆಯಲ್ಲಿ ನಿಲ್ಲಿಸಿದೆವು. ಹಳೆಯ ಗುಂಡಿಗೆ ಹಲಗೆ ಮುಚ್ಚಿದೆವು.

ಜೋಡಿಸುತ್ತಿದ್ದಾಗ ಅನಸೂಯಮ್ಮ ಒಂದು ಕೊಡ ನೀರು ತಂದು ಮಗ್ಗದ ಬಳಿ ಇಟ್ಟರು. ನಾನು ಹೌಹಾರಿದೆ. ಕರೆಂಟಿನ ವಿಷಯದಲ್ಲಿ ನನ್ನದು ಸ್ವಲ್ಪ ಅತಿ. ಸರ್ವಿಸ್ ಸೇರಿದ ಹೊಸತರಲ್ಲಿ ಒದ್ದೆ ನೆಲದ ಮೇಲೆ ಶಾಕ್ ಹೊಡೆಸಿಕೊಂಡು ಬಿದ್ದವಳು ನಾನು. "ಮೋಟಾರ್ ಇರೋ ಕಡೆ ಒಂದು ತೊಟ್ಟು ನೀರೂ ಬರಬಾರದು" ಎಂದು ಜೋರಾಗಿಯೇ ಹೇಳಿ, ಚಳ್ಳಕೆರೆಯಿಂದ ತಂದಿದ್ದ ಹಳದಿ ಸ್ಟಿಕ್ಕರನ್ನು ಚೌಕಟ್ಟಿನ ಹಣೆಗೆ ಅಂಟಿಸಿದೆ. "ವಿದ್ಯುತ್ ಇದೆ. ನೀರು ತರಬಾರದು." ಆಕೆ ಓದಿ, ತಲೆಯಾಡಿಸಿ, ಕೊಡ ಎತ್ತಿಕೊಂಡು ಒಳಗೆ ಹೋದರು. ಯಾಕೆ ತಂದಿದ್ದೀರಿ ಎಂದು ನಾನು ಕೇಳಲಿಲ್ಲ.

ಮೊದಲ ನಾಲ್ಕು ವಾರ ಹಬ್ಬ. ಹಾಸು ಮೂರು ಸೀರೆಯ ಉದ್ದದ್ದು, ಕುಂಕುಮ ಬಣ್ಣ. ಅನಸೂಯಮ್ಮ ಕುರ್ಚಿಯ ಮೇಲೆ ಕೂತು ಎಡ ಹೆಬ್ಬೆರಳು ಒತ್ತಿದರೆ ಎಳೆಗಳು ಬಾಯಿ ತೆರೆಯುತ್ತಿದ್ದವು, ಲಾಳಿ ಸರ್ರನೆ ಓಡುತ್ತಿತ್ತು. ದಿನಕ್ಕೆ ನಾಲ್ಕೋ ಐದೋ ಎಳೆ ತುಂಡಾಗುತ್ತಿದ್ದವು, ಅದು ಯಾವ ಮಗ್ಗದಲ್ಲೂ ಇದ್ದದ್ದೇ. ತುಂಡಾದ ಎಳೆಯನ್ನು ಆಕೆ ಕೂಡಿಸುವ ಬಗೆ ನೋಡಲೆಂದೇ ನಾನು ಪಕ್ಕ ಕೂರುತ್ತಿದ್ದೆ. ಬೆರಳಿಗೆ ಚಿಟಿಕೆ ಬೂದಿ, ಎರಡು ತುದಿ ಸೇರಿಸಿ ಒಂದು ಹೊಸೆತ, ಮುಗಿಯಿತು. ಎಲ್ಲಿ ಕೂಡಿತೆಂದು ಹುಡುಕಿದರೂ ಕಾಣದು. ಮೂವತ್ತೊಂದು ವರ್ಷ ಬೆಸುಗೆ ಹಾಕಿದ ಬಷೀರ್ ಸಾಬ್ ಅದನ್ನು ನೋಡಿ "ಮಾಶಾ ಅಲ್ಲಾ" ಎಂದಿದ್ದರು.

ಶಿವರಾತ್ರಿ ಕಳೆದ ಮೇಲೆ ಎಳೆಗಳು ತುಂಡಾಗತೊಡಗಿದವು. ದಿನಕ್ಕೆ ಹನ್ನೆರಡು, ಮುಂದಿನ ವಾರ ಹತ್ತೊಂಬತ್ತು, ಅದರ ಮುಂದಿನ ವಾರ ಮೂವತ್ತು ದಾಟಿತು. ಒಂದೊಂದು ಎಳೆ ಹೋದಾಗಲೂ ಮೋಟಾರು ನಿಲ್ಲಿಸಬೇಕು, ತುದಿ ಹುಡುಕಬೇಕು, ಹೊಸೆಯಬೇಕು, ಹಣಿಗೆಯ ಸಂದಿನಲ್ಲಿ ಮತ್ತೆ ಪೋಣಿಸಬೇಕು. ದಿನಕ್ಕೆ ಒಂದು ಮೊಳ ನೇಯುತ್ತಿದ್ದ ಕೈ ನಾಲ್ಕು ಬೆರಳಗಲಕ್ಕೆ ಇಳಿಯಿತು. ಕೂಡಿಸಿದ ಜಾಗಗಳು ಹೆಚ್ಚಾದರೆ ರೇಷ್ಮೆಯ ಮೈ ಕೆಡುತ್ತದೆ, ಅದು ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಪ್ರತಿ ಬುಧವಾರ ನಾನೂ ಬಷೀರ್ ಸಾಬರೂ ಹೋಗುತ್ತಿದ್ದೆವು. ಮೊದಲು ಮೋಟಾರನ್ನು ಅನುಮಾನಿಸಿದೆ. ಜಗ್ಗುವಾಗ ಧಕ್ಕೆ ಕೊಡುತ್ತಿರಬೇಕೆಂದು ವೇಗ ತಗ್ಗಿಸಿದೆ, ಕ್ಯಾಮ್ ಅನ್ನು, ಅಂದರೆ ಎತ್ತಿಳಿಸುವ ಚಲನೆಗೆ ಆಕಾರ ಕೊಡುವ ಬಿಲ್ಲೆಯನ್ನು, ಎರಡು ಸಲ ಉಜ್ಜಿ ನುಣುಪು ಮಾಡಿದೆ. ಎಳೆಗಳ ಬಿಗಿ ಅಳೆಯುವ ಟೆನ್ಷನ್ ಮೀಟರ್ ಹಿಡಿದು ಬಲ, ಎಡ, ನಡು ಎಲ್ಲ ಅಳೆದೆ. ಬಿಗಿ ಸರಿಯಿತ್ತು. ಹಣಿಗೆ ಬದಲಿಸಿದೆ. ರೇಷ್ಮೆ ಸರಿಯಿಲ್ಲವೇನೋ ಎಂದು ನಾಗಭೂಷಣಪ್ಪನವರ ಮೇಲೆ ಹರಿಹಾಯ್ದೆ. ಅವರು ಸಾಧು ಮನುಷ್ಯ, "ಒಂದೇ ಗಂಟಿನ ನೂಲ್ರಿ ಎರಡೂ ಮಗ್ಗಕ್ಕೆ" ಎಂದು ಮೆಲ್ಲಗೆ ಹೇಳಿದರು. ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬಷೀರ್ ಸಾಬ್ ಮೋಟಾರನ್ನು ಬಿಚ್ಚಿ, ಒರೆಸಿ, ಮತ್ತೆ ಕೂಡಿಸಿ, "ಮೇಡಂ, ಮೋಟಾರ್ ಬೇಕಸೂರ್ ಐತೆ. ಇದರದ್ದು ತಪ್ಪಿಲ್ಲ" ಎಂದು ತೀರ್ಪು ಕೊಟ್ಟರು.

ಆಗ ನಾನು ಅಂಕಿಗಳ ಮೊರೆ ಹೋದೆ. ಯಾವ ಗಂಟೆಗೆ ಎಷ್ಟು ಎಳೆ ತುಂಡಾಯಿತೆಂದು ಬರೆದಿಡಲು ನಾಗಭೂಷಣಪ್ಪನವರಿಗೆ ಒಂದು ನೋಟ್‌ಬುಕ್ ಕೊಟ್ಟಿದ್ದೆ. ಅವರು ದುಂಡಗಿನ ಅಕ್ಷರದಲ್ಲಿ ನಿಷ್ಠೆಯಿಂದ ಬರೆದಿದ್ದರು. ಬೆಳಗ್ಗೆ ಹತ್ತರವರೆಗೆ ಒಂದೋ ಎರಡೋ. ಹನ್ನೆರಡರಿಂದ ನಾಲ್ಕರವರೆಗೆ ಇಪ್ಪತ್ತಕ್ಕೂ ಹೆಚ್ಚು. ಸಂಜೆ ಮತ್ತೆ ಕಡಿಮೆ. ಇಷ್ಟು ಸ್ಪಷ್ಟವಾದ ಅಂಕಿ ನನ್ನ ಸರ್ವಿಸ್‌ನಲ್ಲೇ ಸಿಕ್ಕಿರಲಿಲ್ಲ. ಅದನ್ನು ಹಿಡಿದುಕೊಂಡು ನಾನು ತಲುಪಿದ ತೀರ್ಮಾನ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಆಕೆಯ ಮಂಡಿ ನೋವು ಹೆಚ್ಚುತ್ತಿತ್ತು. ಊಟವಾದ ಮೇಲೆ ಮಾತ್ರೆ ನುಂಗಿ ಸಂಜೆಗೆ ಸುಧಾರಿಸುತ್ತಿದ್ದರು. ನೋವಿದ್ದಾಗ ಮೈ ಬಿಗಿಯುತ್ತದೆ, ಮೈ ಬಿಗಿದರೆ ಹಣಿಗೆಯ ಬಡಿತ ಬಿರುಸಾಗುತ್ತದೆ, ಎಳೆ ಹೋಗುತ್ತದೆ. ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಆ ಬುಧವಾರ ಆಕೆಯ ಮುಂದೆ ಕೂತು ಹೇಳಿಬಿಟ್ಟೆ.

"ಅನಸೂಯಮ್ಮ, ಮಗ್ಗದಲ್ಲಿ ದೋಷ ಇಲ್ಲ. ಬೇಜಾರು ಮಾಡ್ಕೋಬೇಡಿ. ಇಷ್ಟು ದೊಡ್ಡ ಆಪರೇಷನ್ ಆದ ಮೇಲೆ ಕೈ ಹಿಡಿತ ಮೊದಲಿನ ಹಾಗೆ ಇರಲ್ಲ."

ಆಕೆ ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟು ನೋಡಿಕೊಂಡರು. "ಇರಬೌದ್ರಿ" ಎಂದರು. ಅಷ್ಟೇ. ವಾದ ಮಾಡಿದ್ದರೆ ನಾನೂ ವಾದಿಸುತ್ತಿದ್ದೆ, ಏನಾದರೂ ಹೊಳೆಯುತ್ತಿತ್ತೇನೋ. ಓದಿದವಳು ಅಳೆದು ನೋಡಿ ಹೇಳಿದ್ದಾಳೆಂದು ಆಕೆ ನಂಬಿಬಿಟ್ಟರು.

ನಂತರದ ಎರಡು ಬುಧವಾರ ಮೀಟಿಂಗುಗಳ ಗಲಾಟೆಯಲ್ಲಿ ಹೋಗಲಾಗಲಿಲ್ಲ. ಮೂರನೆಯ ಬುಧವಾರ ಹೋದಾಗ ಕುರ್ಚಿ ಖಾಲಿ. ಹಾಸಿನ ಮೇಲೆ ಹಳೆಯ ಪಂಚೆ ಹೊದಿಸಿತ್ತು. ಅನಸೂಯಮ್ಮ ಗೋಡೆಗೊರಗಿ ಕಂಡಿಕೆ ಸುತ್ತುತ್ತಿದ್ದರು. ನೇಯುವುದನ್ನು ಬಿಟ್ಟು ಹದಿನೆಂಟು ದಿನಗಳಾಗಿದ್ದವು.

"ನಿಮ್ ಮಗ್ಗ ತಗಂಡ್ ಹೋಗ್ರಿ ಮೇಡಂ" ಎಂದರು ನಾಗಭೂಷಣಪ್ಪ. "ಬ್ಯಾರೆ ಯಾರಿಗಾನ ಆಗ್ಲಿ. ಸೋಮವಾರ ಗೌಂಡಿ ಬರ್ತಾನೆ, ಗುಂಡಿಗೂ ಸಿಮೆಂಟ್ ಹಾಕ್ಸಿಬಿಡ್ತೀನಿ. ಅದನ್ನ ನೋಡಿದ್ರೆ ಈಕೆ ಅಳ್ತಾಳೆ."

ಮಗ್ಗ ವಾಪಸ್ಸು ತರಬೇಕಾದರೆ ಕಚೇರಿಗೆ ಒಂದು ವರದಿ ಬೇಕು. ಕಾರಣದ ಕಾಲಮ್ಮಿನಲ್ಲಿ "ಬಳಕೆದಾರರ ದೈಹಿಕ ಅಸಮರ್ಥತೆ" ಎಂದು ಬರೆಯಬೇಕೆಂದು ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದೆ. ಹೋಲಿಕೆಗೆ ಇನ್ನೊಂದು ಮಗ್ಗದ ಅಂಕಿ ಬೇಕಿತ್ತು. ಒಳಕೋಣೆಗೆ ಹೋಗಿ ಪದ್ಮಾವತಿಯನ್ನು ಕೇಳಿದೆ: ನಿನ್ನೆ ಎಷ್ಟು ಎಳೆ ಹೋಯಿತು?

"ಎರಡ್ರಿ."

"ಗಂಟೆಗೆ ಎರಡಾ?"

"ದಿನಕ್ಕೆ."

ಬರೆದುಕೊಂಡೆ. ಪೆನ್ನು ಮುಚ್ಚುತ್ತಿದ್ದಾಗ ಬಾಗಿಲಲ್ಲಿ ನಿಂತಿದ್ದ ಬಷೀರ್ ಸಾಬ್ ಗಂಟಲು ಸರಿಮಾಡಿಕೊಂಡರು. "ಮೇಡಂ, ಗಾಡಿ ಮೈಲೇಜ್ ಕೊಡದಿದ್ರೆ ನಾವು ಡ್ರೈವರ್ ಬದ್ಲಿ ಮಾಡಿ ನೋಡ್ತೀವಿ. ಈ ಅಮ್ಮನ್ನ ಒಂದ್ ತಾಸು ಆ ಮಗ್ಗಕ್ಕೆ ಕೂಡ್ಸಿ ನೋಡಾಣ ಅಲ್ವಾ?"

ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷವೇ ಕಲಿಸುವ ಪಾಠ ಅದು. ಎರಡು ಸಂಗತಿಗಳಲ್ಲಿ ಯಾವುದು ಕಾರಣವೆಂದು ತಿಳಿಯಬೇಕಾದರೆ ಒಂದನ್ನು ಇದ್ದ ಹಾಗೇ ಇಟ್ಟು ಇನ್ನೊಂದನ್ನು ಬದಲಿಸಬೇಕು. ಮೀಟರು, ಕ್ಯಾಮು, ನೋಟ್‌ಬುಕ್ ಎಂದು ಇಷ್ಟು ವಾರ ಕುಣಿದವಳಿಗೆ ಅದು ಹೊಳೆದಿರಲಿಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಬಷೀರ್ ಸಾಬರಿಗೆ ಹೊಳೆಯಿತು.

ಮಧ್ಯಾಹ್ನ ಒಂದು ಗಂಟೆ. ಪದ್ಮಾವತಿ ನಲವತ್ತರ ಗಟ್ಟಿ ಹೆಂಗಸು, ಮಂಡಿ ನೋವಿಲ್ಲ, ಕೈ ನಡುಕವಿಲ್ಲ. ಕುರ್ಚಿಯ ಮೇಲೆ ಕೂತಳು. ಅನಸೂಯಮ್ಮ ಕಂಡಿಕೆ ಸುತ್ತುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಐದನೆಯ ನಿಮಿಷಕ್ಕೆ ಟಪ್ ಎಂದು ಒಂದು ಎಳೆ ಹೋಯಿತು. ಎಂಟಕ್ಕೆ ಇನ್ನೊಂದು. ಒಂದು ಗಂಟೆ ಮುಗಿಯುವುದರೊಳಗೆ ಹನ್ನೊಂದು. ಪದ್ಮಾವತಿ ಲಾಳಿ ಕೆಳಗಿಟ್ಟು "ಇದೇನಕ್ಕಾ, ಈ ನೂಲು ಹಪ್ಪಳ ಮುರ್ದಂಗೆ ಮುರೀತೈತೆ" ಎಂದಳು.

ಅನಸೂಯಮ್ಮ ಕಂಡಿಕೆ ಕೆಳಗಿಟ್ಟು ಎದ್ದು ಬಂದು ತುಂಡಾದ ಎಳೆಯ ತುದಿ ಮುಟ್ಟಿ ನೋಡಿದರು. ನನಗೆ ಅತ್ತ ನೋಡುವ ಧೈರ್ಯ ಬರಲಿಲ್ಲ.

ಹಾಗಾದರೆ ಕೈಯದಲ್ಲ, ನೂಲಿನದಲ್ಲ, ಮೋಟಾರಿನದೂ ಅಲ್ಲ. ಮತ್ತೇನು? ನಾನು ಒಳಕೋಣೆಗೆ ಹೋಗಿ, ಸೀರೆ ಎತ್ತಿ ಕಟ್ಟಿಕೊಂಡು, ಪದ್ಮಾವತಿಯ ಗುಂಡಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟೆ. ಇಷ್ಟು ತಿಂಗಳಲ್ಲಿ ನಾನು ಗುಂಡಿಯ ಉದ್ದಗಲ ಅಳೆದಿದ್ದೆನೇ ಹೊರತು ಒಮ್ಮೆಯೂ ಅದರಲ್ಲಿ ಕೂತಿರಲಿಲ್ಲ. ಹೊರಗೆ ಬಿಸಿಲು ಹುರಿಯುತ್ತಿತ್ತು. ಪಾದಗಳಿಗೆ ತಣ್ಣನೆಯ ಒದ್ದೆ ಮಣ್ಣು ತಾಗಿತು. ಮಣ್ಣಿನ ವಾಸನೆ ಮೇಲೆದ್ದು ಬಂತು.

"ಇಲ್ಲಿ ನೀರು ಹೇಗೆ ಬಂತು?"

"ದಿನಾ ಬೆಳಗ್ಗೆ ಒಂದ್ ಕೊಡ ಸುರೀತೀವಿ. ನಮ್ಮತ್ತೆನೂ ಸುರೀತಿದ್ರು."

"ಯಾಕೆ?"

ಪದ್ಮಾವತಿ ನಕ್ಕಳು. "ಯಾಕೆ ಅಂದ್ರೆ? ಮುಖ ತೊಳೀತೀವಿ, ಗುಂಡಿಗೆ ನೀರ್ ಹಾಕ್ತೀವಿ, ಆಮ್ಯಾಲೆ ಕುಂದುರ್ತೀವಿ."

"ಹಾಗಾದರೆ ಅನಸೂಯಮ್ಮ ಯಾಕೆ ಹಾಕಲಿಲ್ಲ?"

ಅವಳು ಬಾಗಿಲ ಮೂಲಕ ಮುಂದಿನ ಕೋಣೆಯತ್ತ ಬೆರಳು ತೋರಿಸಿದಳು. "ನೀವೇ ಬರ್ಸೀರಲ್ರಿ ಅಲ್ಲಿ, ಹಳದಿ ಚೀಟಿ."

ಜೀಪಿನಲ್ಲಿದ್ದ ಹೈಗ್ರೋಮೀಟರ್ ತರಿಸಿದೆ. ಗಾಳಿಯಲ್ಲಿ ಎಷ್ಟು ತೇವ ಇದೆಯೆಂದು ಶೇಕಡಾ ಲೆಕ್ಕದಲ್ಲಿ ತೋರಿಸುವ ಸಣ್ಣ ಪೆಟ್ಟಿಗೆ ಅದು. ಶೇಂಗಾ ಗೋದಾಮುಗಳಿಗೆಂದು ಇಟ್ಟುಕೊಂಡಿದ್ದೆವು, ಮಗ್ಗಕ್ಕೆ ಬಳಸಬೇಕೆಂದು ತೋಚಿರಲಿಲ್ಲ. ಮುಂದಿನ ಕೋಣೆಯಲ್ಲಿ ಕುರ್ಚಿ ಮಗ್ಗದ ಹಾಸಿನ ಕೆಳಗೆ ಹಿಡಿದೆ: ಇಪ್ಪತ್ತೊಂಬತ್ತು. ಒಳಕೋಣೆಯ ಗುಂಡಿಯ ಮೇಲೆ ಹಾಸಿನ ಕೆಳಗೆ ಹಿಡಿದೆ: ಐವತ್ತೆಂಟು. ರೇಷ್ಮೆ ಎಳೆಯಲ್ಲಿ ಒಂದಿಷ್ಟು ತೇವ ಇದ್ದರೆ ಜಗ್ಗಿದಾಗ ಹಿಗ್ಗಿ ಕೊಡುತ್ತದೆ, ಒಣಗಿದರೆ ಹಿಗ್ಗುವ ಗುಣ ಕಳೆದುಕೊಂಡು ತುಂಡಾಗುತ್ತದೆ. ಸಂಕ್ರಾಂತಿ ಸಮಯದ ತಂಪು ಗಾಳಿಯಲ್ಲಿ ಹೇಗೋ ನಡೆದುಹೋಗಿತ್ತು. ಬಿಸಿಲು ಏರಿದಂತೆ, ಅದೂ ಮಧ್ಯಾಹ್ನದ ಹೊತ್ತು, ಎಳೆಗಳು ತಾಳಲಿಲ್ಲ. ನೋಟ್‌ಬುಕ್ಕಿನ ಅಂಕಿ ಪೂರ್ತಿ ಸರಿಯಿತ್ತು, ಅದನ್ನು ಓದಿದವಳು ಎಡವಿದ್ದಳು.

ನಾವು ಓದಿದ ಪುಸ್ತಕಗಳಲ್ಲಿ ಗುಂಡಿ ಮಗ್ಗವೆಂದರೆ ಹಿಂದುಳಿದ ವಿನ್ಯಾಸ, ಬೆನ್ನಿಗೂ ಕಾಲಿಗೂ ಶಿಕ್ಷೆ. ನೇಯುವವರನ್ನು ಗುಂಡಿಯಿಂದ ಮೇಲೆತ್ತುವುದೇ ಪ್ರಗತಿ ಎಂದು ನಾನೂ ನಂಬಿದ್ದೆ. ಈ ಒಣ ಸೀಮೆಯಲ್ಲಿ ಸೀರೆ ನೇಯಲು ಬೇಕಾದ ಹವೆಯನ್ನು ಒಂದು ಕೊಡ ನೀರಿನಿಂದ ತಯಾರಿಸಿಕೊಳ್ಳುವ ಯಂತ್ರ ಆ ಗುಂಡಿ. ಅದನ್ನು ಕಂಡುಹಿಡಿದವರು ಯಾರೋ, ನಾನು ಮನಸ್ಸಿನಲ್ಲೇ ಕೈಮುಗಿದೆ.

ಅನಸೂಯಮ್ಮನ ಮುಂದೆ ನೆಲದ ಮೇಲೆ ಕೂತೆ. ತಪ್ಪು ನನ್ನದು, ನಿಮ್ಮ ಕೈಗೆ ಏನೂ ಆಗಿಲ್ಲ, ನೀರು ಬೇಡ ಎಂದವಳೂ ನಾನೇ, ನಿಮ್ಮ ಕೈ ದೂರಿದವಳೂ ನಾನೇ ಎಂದು ಹೇಳಿದೆ. ಆಕೆ ಕ್ಷಮಿಸಿದೆ ಎನ್ನಲಿಲ್ಲ.

"ನಂಗೂ ಅನ್ಸಿತ್ತು ಮೇಡಂ, ನೀರಿಲ್ದೆ ಒಣಗ್ತೈತೇನೋ ಅಂತ. ಆದ್ರೆ ಓದಿದೋರು ಬ್ಯಾಡ ಅಂದ್ರಲ್ಲ, ಹೊಸ ಮಗ್ಗಕ್ಕೆ ಬ್ಯಾಡ್ವೇನೋ ಅಂದ್ಕಂಡೆ. ಕೈ ಹೋಗೈತೆ ಅಂದ್ರಲ್ಲ, ಅವತ್ತಿಂದ ಅನ್ನ ಕಲಸಾಕೂ ಈ ಕೈ ನೋಡಿದ್ರೆ ಸಿಟ್ಟು ಬರ್ತಿತ್ತು." ಕಣ್ಣೊರೆಸಿಕೊಂಡು, "ಆತು ಬಿಡ್ರಿ. ಈಗೇನ್ ಮಾಡಾಣ ಹೇಳ್ರಿ" ಎಂದರು.

ನಾಗಭೂಷಣಪ್ಪ ಆಗಲೇ ಫೋನು ತೆಗೆದು ಗೌಂಡಿಗೆ ಬರಬೇಡ ಎನ್ನುತ್ತಿದ್ದರು.

ಇಲ್ಲಿಗೆ ನನಗೆ ಬುದ್ಧಿ ಬಂತೆಂದು ನೀವು ತಿಳಿದಿದ್ದರೆ ತಪ್ಪು. ತೇವ ತಾನೇ ಬೇಕು ಎಂದು ಮುಂದಿನ ವಾರ ಒಂದು ಹ್ಯೂಮಿಡಿಫೈಯರ್ ತಂದಿಟ್ಟೆ. ನೀರನ್ನು ನುಣ್ಣನೆಯ ಮಂಜಾಗಿ ಊದುವ ಯಂತ್ರ. ಹೈಗ್ರೋಮೀಟರ್ ಅರವತ್ತು ತೋರಿಸಿತು, ಎಳೆ ತುಂಡಾಗುವುದು ನಿಂತಿತು, ನಾನು ಹಿಗ್ಗಿದೆ. ಎರಡನೆಯ ದಿನ ಅನಸೂಯಮ್ಮನ ಫೋನು. "ಮೇಡಂ, ಸೀರೆಗೆ ಪೌಡರ್ ಹಾಕ್ದಂಗಾಗೈತೆ." ಹೋಗಿ ನೋಡಿದರೆ ಕುಂಕುಮ ಬಣ್ಣದ ಮೇಲೆ ತೆಳುವಾಗಿ ಬಿಳಿ ಪುಡಿ. ಅಲ್ಲಿಯದು ಗಡಸು ಬೋರ್‌ವೆಲ್ ನೀರು. ಮಂಜು ಆರಿ ಅದರಲ್ಲಿದ್ದ ಸುಣ್ಣ ರೇಷ್ಮೆಯ ಮೇಲೆ ಕೂತಿತ್ತು. ಚಳ್ಳಕೆರೆಯ ನಮ್ಮ ಕಚೇರಿಯ ಫ್ಲಾಸ್ಕುಗಳ ಒಳಗೆಲ್ಲ ಅದೇ ಬಿಳಿ ಪೊರೆ ಕಟ್ಟಿದ್ದನ್ನು ದಿನವೂ ನೋಡುತ್ತಿದ್ದವಳು ನಾನು. ಬಷೀರ್ ಸಾಬ್ ಆ ಯಂತ್ರವನ್ನು ಸದ್ದಿಲ್ಲದೆ ಜೀಪಿಗೆ ಹಾಕಿದರು. ಏನೂ ಅನ್ನದೆ ಬಿಟ್ಟದ್ದೇ ಅವರು ನನಗೆ ಮಾಡಿದ ಉಪಕಾರ.

ಅನಸೂಯಮ್ಮ ಮಗ್ಗದ ಸುತ್ತ ಕೋಲೂರಿಕೊಂಡು ಒಂದು ಸುತ್ತು ಬಂದರು. ಗಂಡನ ಕಡೆ ತಿರುಗಿ ತೆಲುಗಿನಲ್ಲಿ "ಉಂಡು, ನೇನು ಚೆಪ್ತಾ" ಎಂದು, ತಡಿ, ನಾನು ಹೇಳ್ತೀನಿ ಎನ್ನುವಂತೆ ಕೈಯೆತ್ತಿದರು. ಆಮೇಲೆ ನನಗೆ ಹೇಳಿದರು:

"ನಾನ್ ಗುಂಡಿಗೆ ಇಳೀಬಾರ್ದು ಅಷ್ಟೇ ಅಲ್ವಾ ಡಾಕ್ಟ್ರು ಹೇಳಿದ್ದು? ಗುಂಡೀನೇ ಮ್ಯಾಲಕ್ಕೆ ಬರ್ಲಿ."

ಅರ್ಥವಾಗಲು ನನಗೆ ಒಂದು ನಿಮಿಷ ಬೇಕಾಯಿತು. ಹಾಸಿನ ಕೆಳಗೆ, ನೆಲದ ಮೇಲೆಯೇ, ಕೆಮ್ಮಣ್ಣಿನ ಹಸಿ ಇಟ್ಟಿಗೆಯಿಂದ ಒಂದು ತೊಟ್ಟಿ ಕಟ್ಟುವುದು. ಒಳಗೆ ಮರಳು ಹರವುವುದು. ಗೋಡೆಯ ಅಂಚು ಹಾಸಿಗಿಂತ ನಾಲ್ಕು ಬೆರಳು ಕೆಳಗೆ ಇರಬೇಕು. ಕೂರುವ ಕಡೆ ಮಂಡಿಗಳಿಗೆ ಜಾಗ ಬಿಡಬೇಕು. ಬೆಳಗ್ಗೆ ಒಂದು ಕೊಡ ನೀರು ಮರಳಿಗೆ ಸುರಿದರೆ ಮಣ್ಣು ಕುಡಿದು ದಿನವಿಡೀ ತೇವ ಬಿಡುತ್ತದೆ. ನೀರಿನಲ್ಲಿರುವ ಸುಣ್ಣ ಮರಳಿನಲ್ಲೇ ಉಳಿಯುತ್ತದೆ, ಮೇಲೆ ಬರುವುದು ಬರೀ ತೇವ. ನಾನು ಕಾಗದದ ಮೇಲೆ ಬರೆದು ನೋಡಿದೆ. ತಪ್ಪು ಹುಡುಕಲು ನಿಜವಾಗಿ ಪ್ರಯತ್ನಪಟ್ಟೆ, ಸಿಗಲಿಲ್ಲ.

ನನ್ನ ಪಾಲಿಗೆ ಉಳಿದದ್ದು ಕರೆಂಟಿನ ಭಾಗ. ಮೋಟಾರನ್ನು ಕೆಳಗಿನಿಂದ ಕಿತ್ತು ಚೌಕಟ್ಟಿನ ನೆತ್ತಿಗೆ ಏರಿಸಿದೆವು. ಮನೆಯ ಕರೆಂಟು ನೇರ ಬಾರದಂತೆ ಇಪ್ಪತ್ನಾಲ್ಕು ವೋಲ್ಟಿನ ಮೋಟಾರು ಹಾಕಿದೆವು, ಅಷ್ಟು ಕಡಿಮೆ ವೋಲ್ಟಿನಲ್ಲಿ ಶಾಕಿನ ಭಯವಿಲ್ಲ. ಕಾಲಿನ ಸ್ವಿಚ್ಚಿಗೆ ನೀರು ಹೊಗದ ರಬ್ಬರ್ ಹೊದಿಕೆ ಹಾಕಿದೆವು. ಇದನ್ನು ಮೊದಲೇ ಮಾಡಬಹುದಿತ್ತು. ನೀರು ತರಬಾರದು ಎಂದು ಬರೆಯುವುದು ಸುಲಭವಾಗಿತ್ತು, ಬರೆದಿದ್ದೆ. ಹಳದಿ ಚೀಟಿಯನ್ನು ನಾನೇ ಉಗುರಿನಿಂದ ಕೆರೆದು ತೆಗೆದೆ.

ಹತ್ತಿರದ ಸಿದ್ದಾಪುರದ ಕಡೆಯಿಂದ ನಾಗಭೂಷಣಪ್ಪ ಮಣ್ಣು ತರಿಸಿ ಮೂರು ದಿನದಲ್ಲಿ ತೊಟ್ಟಿ ಕಟ್ಟಿದರು. ಒಣಗಲು ಒಂದು ವಾರ ಬಿಟ್ಟೆವು. ಏಪ್ರಿಲ್ ನಡುವಿನ ಒಂದು ಬುಧವಾರ ಮಧ್ಯಾಹ್ನ, ಬೇಕೆಂದೇ ಆ ಹೊತ್ತು ಆರಿಸಿಕೊಂಡು, ಅನಸೂಯಮ್ಮ ಕುರ್ಚಿಯ ಮೇಲೆ ಕೂತರು. ಕೋಣೆಯಲ್ಲಿ ತೇವ ಇಪ್ಪತ್ತಾರು, ಹಾಸಿನ ಕೆಳಗೆ ಐವತ್ತೇಳು. ಆಕೆ ಲಾಳಿ ಕೈಗೆತ್ತಿಕೊಂಡು ಅದರೊಳಗಿನ ಕಂಡಿಕೆ ಸರಿಮಾಡಿದರು. ಆಮೇಲೆ ಎಸೆದರು. ಹನ್ನೆರಡರಿಂದ ನಾಲ್ಕರವರೆಗೆ ನಾವು ಯಾರೂ ಕೋಣೆ ಬಿಟ್ಟು ಕದಲಲಿಲ್ಲ. ತುಂಡಾದದ್ದು ಒಂದು ಎಳೆ. ಅದನ್ನು ಕೂಡಿಸಿ ಆಕೆ ತಿರುಗಿ ಪದ್ಮಾವತಿಗೆ ಹೇಳಿದರು: "ನೋಡ್ದೇನೇ, ನನ್ ಕೈ!" ಪದ್ಮಾವತಿ ನಕ್ಕಳು, ನಾನು ಅತ್ತೆ. ಸರ್ಕಾರಿ ಕೆಲಸದಲ್ಲಿ ನಾನು ಅತ್ತದ್ದು ಅದೊಂದೇ ಸಲ, ನಾಚಿಕೆಯೇನಿಲ್ಲ.

ಆ ಹಾಸಿನ ಮೂರು ಸೀರೆಗಳೂ ಮಳೆಗಾಲದ ಹೊತ್ತಿಗೆ ಮಗ್ಗದಿಂದ ಇಳಿದವು. ನಾನು ನಿವೃತ್ತಳಾಗುವುದರೊಳಗೆ ಮೊಳಕಾಲ್ಮುರಿನಲ್ಲೂ ರಾಂಪುರದ ಕಡೆಯೂ ಸೇರಿ ಅಂಥ ಆರು ಕುರ್ಚಿ ಮಗ್ಗಗಳು ಕೂತವು. ಎಲ್ಲದರ ಕೆಳಗೂ ಮಣ್ಣಿನ ತೊಟ್ಟಿ. ವರದಿಯಲ್ಲಿ ತೊಟ್ಟಿಯ ವಿನ್ಯಾಸ ಅನಸೂಯಮ್ಮನವರದು ಎಂದು ಬರೆದೆ, ಹೋಲಿಸಿ ನೋಡುವ ಪರೀಕ್ಷೆ ಸೂಚಿಸಿದವರು ಬಷೀರ್ ಸಾಬ್ ಎಂದೂ ಬರೆದೆ. ಇಷ್ಟು ವಿವರ ಬೇಕೇ ಎಂದು ಮೇಲಿನವರು ಕೇಳಿದರು. ಬೇಕು ಎಂದೆ.

ನಿವೃತ್ತಳಾದ ವಾರ ಆಕೆಯನ್ನು ನೋಡಿ ಬರಲು ಬಸ್ಸಿನಲ್ಲಿ ಹೋದೆ. ಮಗ್ಗದ ಮೇಲೆ ಗಿಳಿಹಸಿರು ಹಾಸು, ಬದನೆ ಬಣ್ಣದ ಅಂಚು. ಕಾಫಿ ಆಯಿತು. ಅನಸೂಯಮ್ಮ ಎದ್ದು ಕುರ್ಚಿ ತೋರಿಸಿದರು.

"ಇಷ್ಟ್ ಮಗ್ಗ ಮಾಡೀರಿ, ಒಂದ್ ಸಲನಾರ ನೇಯ್ದೀರಾ? ಕುಂದುರ್ರಿ."

ಬೇಡ, ಮಾರುವ ಸೀರೆ, ಕೆಡಿಸುತ್ತೇನೆ ಎಂದೆ. ಬಿಡಲಿಲ್ಲ. ಕೂತೆ. ಹೆಬ್ಬೆರಳು ಒತ್ತಿದೆ, ಎಳೆಗಳು ತೆರೆದವು, ಲಾಳಿ ಎಸೆದೆ. ಎರಡು ಸಲ ನೆಟ್ಟಗೆ ಹೋಯಿತು. ಮೂರನೆಯ ಸಲ ಹಣಿಗೆ ಬಡಿದದ್ದೇ ತಡ, ಟಪ್ ಎಂದು ಒಂದು ಎಳೆ ತುಂಡಾಯಿತು. ನಾನು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡು, "ಅಯ್ಯೋ, ನನ್ನ ಕೈಯೇ ಸರಿಯಿಲ್ಲ" ಎಂದೆ.

ಅನಸೂಯಮ್ಮ ನನ್ನ ಕೈಯನ್ನು ಹಿಡಿದು ಮತ್ತೆ ಹಾಸಿನ ಮೇಲೆ ಇಟ್ಟರು.

"ಕೈನ ಬೈಬ್ಯಾಡ್ರಿ ಮೇಡಂ. ಮೊದ್ಲು ಮಿಕ್ಕಿದ್ದೆಲ್ಲ ನೋಡಾಣ."

ಎಂದವರೇ ಬಗ್ಗಿ ಮರಳು ಮುಟ್ಟಿ ನೋಡಿದರು, ಹಾಸಿನ ಬಿಗಿ ಬೆರಳಿಂದ ತಟ್ಟಿ ನೋಡಿದರು, ಹಣಿಗೆಯ ಸಂದು ನೋಡಿದರು, ಲಾಳಿಯ ಮೂತಿ ಸವರಿ ನೋಡಿದರು. ಎಲ್ಲ ಸರಿಯಿತ್ತು. ತಪ್ಪು ನನ್ನ ಕೈಯದೇ ಎಂದು ಆಕೆಗೂ ಗೊತ್ತು, ನನಗೂ ಗೊತ್ತು. ಆದರೂ ಒಂದೊಂದನ್ನೂ ನೋಡಿ ಮುಗಿಸಿದ ಮೇಲೆಯೇ ಚಿಟಿಕೆ ಬೂದಿ ತೆಗೆದುಕೊಂಡು ಎಳೆ ಹೊಸೆದರು. ಮೂವತ್ತಮೂರು ವರ್ಷದ ನೌಕರಿಯಲ್ಲಿ, ಒಂದು ಯಂತ್ರ ಕೆಟ್ಟಾಗ, ಅದರ ಮುಂದೆ ಕೂತಿದ್ದ ಯಾರಿಗೂ ನಾನು ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ.